ಉಮ್ಮನ ಹೆಬ್ಬೆಟ್ಟು, ನನ್ನ ಸಹಿ

ಅಂದು ಶುಕ್ರವಾರ. ಅಸರ್ ನಮಾಝ್ ಮುಗಿಸಿ ಉಮ್ಮ ಚಾವಡಿಯಲ್ಲಿ ತಸ್ಬೀಹ್ ಹಿಡಿದು ಕುಳಿತಿದ್ದರು. ನಾನು ಪಕ್ಕದಲ್ಲೇ ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಆಗ ಮಾಮ ಬಂದರು. ಉಮ್ಮನ ಏಕೈಕ ತಮ್ಮ ಅವರು. ಬಾಪಾ ತೀರಿಕೊಂಡ ಮೇಲೆ ನಮ್ಮ ಮನೆಯ ಕಷ್ಟಸುಖಕ್ಕೆ ಮೊದಲು ಬರುತ್ತಿದ್ದವರೂ ಅವರೇ. ನನ್ನನ್ನು ಬಿ.ಎ.ಗೆ ಸೇರಿಸುವಾಗ ಕಾಲೇಜಿನ ಫೀಸು ಕಟ್ಟಿದ್ದವರೂ ಅವರೇ.

ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲದಿಂದ ಒಂದು ಛಾಪಾ ಕಾಗದ ತೆಗೆದರು. "ಅಜ್ಜನ ಜಾಗದ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಪೌತಿ ಖಾತೆ ಮಾಡಿಸಬೇಕು. ಪ್ರತಿ ಸಲ ನಿಮ್ಮನ್ನೆಲ್ಲ ತಾಲೂಕು ಕಚೇರಿಗೆ ಅಲೆದಾಡಿಸುವುದು ಬೇಡವೆಂದು ಈ ಕಾಗದ ಮಾಡಿಸಿದ್ದೇನೆ. ಇಲ್ಲೊಂದು ಹೆಬ್ಬೆಟ್ಟು ಬೇಕು" ಎಂದರು.

ಉಮ್ಮ ತಸ್ಬೀಹನ್ನು ಬಲಗೈಗೆ ವರ್ಗಾಯಿಸಿ ಎಡಗೈ ಚಾಚಿದರು. ಮಾಮ ಶಾಯಿಯ ಡಬ್ಬಿ ತೆರೆದರು. ನಾಲ್ಕು ಪುಟ, ನಾಲ್ಕು ಹೆಬ್ಬೆಟ್ಟು. ಬಳಿಕ ನನ್ನ ಕಡೆ ತಿರುಗಿ "ಮಗಳೇ, ನೀನು ಸಾಕ್ಷಿ ಹಾಕು" ಎಂದರು. ನಾನು ಉತ್ತರ ಪತ್ರಿಕೆ ತಿದ್ದುತ್ತಿದ್ದ ಅದೇ ಕೆಂಪು ಪೆನ್ನಿನಿಂದ ಸಹಿ ಹಾಕಲು ಹೊರಟಾಗ ಅವರು ನಕ್ಕು ತಮ್ಮ ನೀಲಿ ಪೆನ್ನು ಕೊಟ್ಟರು. ಚಹಾ ಕುಡಿದು, ಮಗ್ರಿಬ್‌ಗೆ ಮುಂಚೆ ಹೊರಟು ಹೋದರು.

ಉಮ್ಮನಿಗೆ ಕನ್ನಡ ಓದಲು ಬಾರದು. ಕುರ್‌ಆನನ್ನು ತಡವರಿಸದೆ ಓದುತ್ತಾರೆ, ಆದರೆ ಆ ಕಾಗದದ ಅಕ್ಷರಗಳು ಅವರ ಪಾಲಿಗೆ ಬರೀ ಕಪ್ಪು ಗೆರೆಗಳು. ನನಗೆ ಹಾಗಲ್ಲ. ನಾನು ಮದ್ರಸದಲ್ಲೂ ಕಾಲೇಜಿನಲ್ಲೂ ಕಲಿತವಳು, ಪ್ರತಿದಿನ ಮಕ್ಕಳಿಗೆ "ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರ ಬರೆಯಿರಿ" ಎಂದು ಹೇಳುವವಳು. ಆದರೂ ನಾನು ಆ ನಾಲ್ಕು ಪುಟಗಳಲ್ಲಿ ಒಂದು ಸಾಲನ್ನೂ ಓದಲಿಲ್ಲ. ಮಾಮನ ಮುಂದೆ ಓದುತ್ತ ಕುಳಿತರೆ ಅವರಿಗೆ ಏನನ್ನಿಸಬಹುದು ಎಂಬ ಸಂಕೋಚವೇ ಹೆಚ್ಚಾಯಿತು.

ಒಂದೂವರೆ ವರ್ಷ ಕಳೆಯಿತು. ಒಂದು ಭಾನುವಾರ ಅಪರಿಚಿತರೊಬ್ಬರು ಮನೆ ಹುಡುಕಿಕೊಂಡು ಬಂದರು. ಸಭ್ಯ ಮನುಷ್ಯ. ಗೇಟಿನ ಹೊರಗೇ ನಿಂತು "ಜಾಗದ ವಿಷಯ. ನೋಂದಣಿಯ ದಿನ ತಾಯಿಯವರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬರಬೇಕಂತೆ. ನೋಟರಿ ಮಾಡಿದ ಕಾಗದ ಸಾಲದಂತೆ. ಅವರಿಗೆ ಬರಲು ಆಗುತ್ತದೋ ಎಂದು ಕೇಳಿ ಹೋಗೋಣವೆಂದು ಬಂದೆ" ಎಂದರು.

ಯಾವ ನೋಂದಣಿ? ಯಾವ ಜಾಗ? ಉಮ್ಮ ಬಾಗಿಲ ಮರೆಯಿಂದ ನನ್ನ ಮುಖ ನೋಡಿದರು.

ಅಜ್ಜನ ಜಾಗ ಒಟ್ಟು ಒಂದೂಕಾಲು ಎಕರೆ, ಅಂದರೆ 125 ಸೆಂಟ್ಸ್. ಅಜ್ಜನಿಗೆ ಒಬ್ಬ ಮಗ, ಮೂವರು ಹೆಣ್ಣು ಮಕ್ಕಳು. ಅಜ್ಜಿ ಮೊದಲೇ ತೀರಿಕೊಂಡಿದ್ದರು. ಶರೀಅತ್‌ನ ಪ್ರಕಾರ ಐದು ಪಾಲು ಮಾಡಿ ಮಗನಿಗೆ ಎರಡು, ಪ್ರತಿ ಮಗಳಿಗೆ ಒಂದೊಂದು. ಅಂದರೆ ಮಾಮನಿಗೆ 50 ಸೆಂಟ್ಸ್, ಉಮ್ಮನಿಗೆ ಮತ್ತು ಇಬ್ಬರು ಚಿಕ್ಕಮ್ಮಂದಿರಿಗೆ ತಲಾ 25. ಮಾಮ ಇಡೀ 125 ಸೆಂಟ್ಸನ್ನು ಮಾರುವುದಾಗಿ ಕರಾರು ಬರೆದು ಮುಂಗಡ ತೆಗೆದುಕೊಂಡಿದ್ದರು. ಅಕ್ಕಂದಿರ ಪರವಾಗಿ ಅವರೇ ಸಹಿ ಹಾಕಿದ್ದರು. ಆ ಅಧಿಕಾರವನ್ನು ಅವರಿಗೆ ಕೊಟ್ಟದ್ದು ಅಂದಿನ ಶುಕ್ರವಾರದ ಕಾಗದ.

ಆ ಮನುಷ್ಯರು ತಮ್ಮಲ್ಲಿದ್ದ ನಕಲು ಪ್ರತಿಯನ್ನು ನನಗೆ ಓದಲು ಕೊಟ್ಟರು. ಮೇಲೆ ದಪ್ಪಕ್ಷರದಲ್ಲಿ 'ಜನರಲ್ ಪವರ್ ಆಫ್ ಅಟಾರ್ನಿ' ಎಂದಿತ್ತು. ಖಾತೆ ಬದಲಾಯಿಸಲು ಎಂಬ ಮಾತು ಮೊದಲ ಪುಟದಲ್ಲಿ ನಿಜಕ್ಕೂ ಇತ್ತು. ಆದರೆ ಅದರ ಹಿಂದೆಯೇ ಸ್ಥಿರಾಸ್ತಿಯನ್ನು ಮಾರಲು, ಅಡವಿಡಲು, ಗೇಣಿಗೆ ಕೊಡಲು, ದಾನ ಮಾಡಲು, ಹಣ ಪಡೆದು ರಶೀದಿ ಕೊಡಲು, ನ್ಯಾಯಾಲಯದಲ್ಲಿ ರಾಜಿ ಮಾಡಿಕೊಳ್ಳಲು ಎಂದು ಸಾಲು ಸಾಲಾಗಿ ಅಧಿಕಾರಗಳಿದ್ದವು. ಕೊನೆಯ ಪುಟದಲ್ಲಿ "ಮೇಲಿನ ವಿಷಯಗಳನ್ನೆಲ್ಲ ಓದಿ ಹೇಳಿಸಿ ಕೇಳಿ, ಅರ್ಥ ಮಾಡಿಕೊಂಡು, ಸ್ವಇಚ್ಛೆಯಿಂದ ಹೆಬ್ಬೆಟ್ಟು ಒತ್ತಿರುತ್ತೇನೆ" ಎಂಬರ್ಥದ ಸಾಲು. ಅದರ ಕೆಳಗೆ ಉಮ್ಮನ ಹೆಬ್ಬೆಟ್ಟು. ಅದರ ಕೆಳಗೆ, ಸಾಕ್ಷಿಗಳು ಎಂಬಲ್ಲಿ, ನನ್ನ ಸಹಿ.

ಯಾರೂ ಓದಿ ಹೇಳಿರಲಿಲ್ಲ. ಓದಿ ಹೇಳಿದ್ದಾರೆಂದು ನಾನು ಸಾಕ್ಷಿ ನಿಂತಿದ್ದೆ. ಸುಳ್ಳು ಸಾಕ್ಷ್ಯ ಮಹಾಪಾಪಗಳಲ್ಲಿ ಒಂದೆಂದು ಪ್ರವಾದಿ(ಸ)ರು ಒತ್ತಿ ಒತ್ತಿ ಎಚ್ಚರಿಸಿದ ಹದೀಸನ್ನು ಎಷ್ಟು ಸಲ ಮಕ್ಕಳಿಗೆ ಪಾಠ ಮಾಡಿದ್ದೇನೋ ಲೆಕ್ಕವಿಲ್ಲ. ಅಂದು ರಾತ್ರಿ ನನಗೆ ಮಾಮನ ಮೇಲೆ ಬಂದ ಸಿಟ್ಟಿಗಿಂತ ನನ್ನ ಮೇಲೆ ಬಂದ ನಾಚಿಕೆಯೇ ದೊಡ್ಡದಾಗಿತ್ತು.

ಮರುದಿನ ಶಾಲೆಗೆ ರಜೆ ಹಾಕಿ ಉಮ್ಮನನ್ನು ಕರೆದುಕೊಂಡು ಪೇಟೆಯ ಒಬ್ಬ ವಕೀಲೆಯ ಬಳಿಗೆ ಹೋದೆ. ಅವರು ಕಾಗದವನ್ನು ಎರಡು ಸಲ ಓದಿ, ಉಮ್ಮನನ್ನೇ ಪ್ರಶ್ನೆ ಕೇಳಿದರು. "ಇದನ್ನು ಮಾಡಿಕೊಟ್ಟದ್ದಕ್ಕೆ ತಮ್ಮನಿಂದ ಹಣ ಏನಾದರೂ ಪಡೆದಿದ್ದೀರಾ? ನೋಟರಿಯವರ ಮುಂದೆ ನೀವು ಹೋಗಿದ್ದಿರಾ? ಅವರ ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿದ್ದಿರಾ?" ಮೂರಕ್ಕೂ ಉಮ್ಮನ ಉತ್ತರ 'ಇಲ್ಲ'. ವಕೀಲೆ ಪೆನ್ನು ಕೆಳಗಿಟ್ಟು ಹೇಳತೊಡಗಿದರು. ಅಂದು ಮತ್ತು ನಂತರದ ಭೇಟಿಗಳಲ್ಲಿ ಅವರಿಂದ ಕಲಿತದ್ದನ್ನು ಸಹೋದರಿಯರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಪವರ್ ಆಫ್ ಅಟಾರ್ನಿ ಎಂದರೆ ನಮ್ಮ ಹೆಸರಿನಲ್ಲಿ, ನಮ್ಮ ಪರವಾಗಿ ಕೆಲಸ ಮಾಡಲು ಇನ್ನೊಬ್ಬರಿಗೆ ಕೊಡುವ ಲಿಖಿತ ಅಧಿಕಾರ. ಹಳಬರು ಇದನ್ನು ಮುಖ್ತಿಯಾರ್‌ನಾಮೆ ಎನ್ನುತ್ತಿದ್ದರು. ಈ ಬಗ್ಗೆ 1882ರ ಕಾಯ್ದೆಯೊಂದು ಇಂದಿಗೂ ಜಾರಿಯಲ್ಲಿದೆ. ಕೊಡುವವರು ಯಾರು, ಪಡೆಯುವವರು ಯಾರು ಎಂಬುದರ ಬಗ್ಗೆ 1872ರ ಕರಾರು ಕಾಯ್ದೆಯೂ, ಆಸ್ತಿಯ ವ್ಯವಹಾರವಾದರೆ 1908ರ ನೋಂದಣಿ ಕಾಯ್ದೆಯೂ ಮಾತಾಡುತ್ತವೆ. ಕೊಡುವವರಿಗೆ ಪ್ರಾಯ ತುಂಬಿರಬೇಕು, ಬುದ್ಧಿ ಸ್ಥಿಮಿತದಲ್ಲಿರಬೇಕು, ಒತ್ತಾಯವಾಗಲೀ ಮೋಸವಾಗಲೀ ಇರಬಾರದು. ಯಾರಿಗೆ ಕೊಡುತ್ತೇವೆ, ಯಾವ ಆಸ್ತಿ, ಯಾವ ಕೆಲಸ ಎಂಬುದು ಸ್ಪಷ್ಟವಾಗಿರಬೇಕು. ಸರಿಯಾದ ಮೌಲ್ಯದ ಮುದ್ರಾಂಕ ಶುಲ್ಕ ಕಟ್ಟಿರಬೇಕು. ಇಬ್ಬರು ಸಾಕ್ಷಿಗಳ ಸಹಿ ಹಾಕಿಸುವುದು ರೂಢಿ. ಸಾಕ್ಷಿ ಎಂದರೆ ಕೈ ಒತ್ತುವುದನ್ನು ಕಣ್ಣಾರೆ ಕಂಡವರು.

ನೋಟರಿಯ ವಿಷಯ ನನಗೆ ಹೊಸದು. ನೋಟರಿಯ ಮುದ್ರೆ ಇದ್ದರೆ ಕಾಗದಕ್ಕೆ ಬಲ ಬರುತ್ತದೆ ನಿಜ. ಅಂಥ ಪತ್ರವನ್ನು ಸಂಬಂಧಪಟ್ಟವರೇ ಬರೆದುಕೊಟ್ಟಿದ್ದಾರೆಂದು ನ್ಯಾಯಾಲಯ ಭಾವಿಸುತ್ತದೆ. ಆದರೆ ಆ ಬಲ ಬರುವುದು ಪತ್ರ ಬರೆದುಕೊಡುವವರು ನೋಟರಿಯ ಎದುರಿಗೇ ಸಹಿ ಹಾಕಿ, ನೋಟರಿ ಅವರ ಗುರುತು ಖಚಿತಪಡಿಸಿಕೊಂಡಾಗ. ಮನೆಯಲ್ಲಿ ಒತ್ತಿದ ಹೆಬ್ಬೆಟ್ಟಿಗೆ ಪೇಟೆಯಲ್ಲಿ ಮುದ್ರೆ ಒತ್ತಿಸಿದರೆ ಅದು ಆ ಲೆಕ್ಕಕ್ಕೆ ಬಾರದು.

ಇನ್ನು, ನಮ್ಮ ಬದಲಿಗೆ ಇನ್ನೊಬ್ಬರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದಸ್ತಾವೇಜು ಹಾಜರುಪಡಿಸಬೇಕಾದರೆ ನೋಟರಿಯೂ ಸಾಲದು. ಭಾರತದಲ್ಲೇ ವಾಸಿಸುವವರು ತಮ್ಮ ವ್ಯಾಪ್ತಿಯ ರಿಜಿಸ್ಟ್ರಾರ್ ಅಥವಾ ಸಬ್ ರಿಜಿಸ್ಟ್ರಾರ್ ಎದುರು ಹೋಗಿ ಆ ಅಧಿಕಾರ ಪತ್ರವನ್ನು ಬರೆದುಕೊಟ್ಟು ದೃಢೀಕರಿಸಬೇಕೆಂದು ನೋಂದಣಿ ಕಾಯ್ದೆಯ 33ನೇ ಕಲಂ ಹೇಳುತ್ತದೆ. ಮಾಮನ ವ್ಯವಹಾರ ತಡೆದು ನಿಂತದ್ದು ಇದರಿಂದಲೇ. ಒಂದು ಕಲಂ ನನ್ನ ಉಮ್ಮನ 25 ಸೆಂಟ್ಸನ್ನು ಕಾಪಾಡಿತ್ತು.

"ಬುರ್ಖಾ ಹಾಕಿ ಕಚೇರಿಗೆ ಹೋಗಿ ಎಲ್ಲರ ಮುಂದೆ ನಿಲ್ಲಬೇಕಲ್ಲ ಎಂದು ಎಷ್ಟೋ ಹೆಂಗಸರು ಮನೆಯಲ್ಲೇ ಕಾಗದಕ್ಕೆ ಒತ್ತಿಬಿಡುತ್ತಾರೆ" ಎಂದರು ವಕೀಲೆ. ಕಾಯಿಲೆಯವರು, ನಡೆಯಲಾಗದವರು ಕಚೇರಿಗೆ ಹೋಗಲೇಬೇಕೆಂದಿಲ್ಲ. ಪದ್ಧತಿಯ ಕಾರಣ ಹೊರಗೆ ಬಾರದ ಮಹಿಳೆಯರಿಗೂ ಕಾನೂನಿನಲ್ಲಿ ಹಿಂದಿನಿಂದಲೂ ಈ ವಿನಾಯಿತಿ ಇದೆ. ಅಂಥವರ ಮನೆಗೆ ಅಧಿಕಾರಿಯೇ ಬಂದು ವಿಚಾರಿಸಬಹುದು. ಇದಕ್ಕೆ ಅರ್ಜಿ ಕೊಟ್ಟು ಶುಲ್ಕ ಕಟ್ಟಬೇಕು. ಅಷ್ಟು ಮಾತ್ರವಲ್ಲ, ಪರ್ದಾದಲ್ಲಿರುವ ಅಥವಾ ಓದು ಬಾರದ ಮಹಿಳೆಯಿಂದ ಯಾರಾದರೂ ಪತ್ರ ಬರೆಸಿಕೊಂಡರೆ, ಆಕೆ ಅದನ್ನು ಅರ್ಥ ಮಾಡಿಕೊಂಡೇ ಒಪ್ಪಿದ್ದಳೆಂದು ಸಾಬೀತು ಮಾಡುವ ಹೊಣೆ ಬರೆಸಿಕೊಂಡವರ ಮೇಲಿರುತ್ತದೆ. ಬ್ರಿಟಿಷರ ಕಾಲದ ಪ್ರಿವಿ ಕೌನ್ಸಿಲ್‌ನಿಂದ ಹಿಡಿದು ನಮ್ಮ ಸುಪ್ರೀಂ ಕೋರ್ಟಿನವರೆಗೆ ಈ ತತ್ವ ನಡೆದುಕೊಂಡು ಬಂದಿದೆ. ಆದರೆ ಅದಕ್ಕಾಗಿ ಕೋರ್ಟಿಗೆ ಅಲೆಯಬೇಕು, ವರ್ಷಗಟ್ಟಲೆ ಕಾಯಬೇಕು, ಒಡಹುಟ್ಟಿದವರು ಎದುರು ಬದುರು ನಿಲ್ಲಬೇಕು. ಒತ್ತುವ ಮೊದಲು ಐದು ನಿಮಿಷ ಓದಿಸಿ ಕೇಳಿದರೆ ಅದೊಂದೂ ಬೇಕಾಗುವುದಿಲ್ಲ.

ವಕೀಲೆಯ ಮಾತು ಕೇಳುತ್ತಿದ್ದಂತೆ ನನಗೆ ಮದ್ರಸದ ದಿನಗಳು ನೆನಪಾದವು. ಫಿಕ್ಹ್ ಪಾಠದಲ್ಲಿ ವಕಾಲತ್ ಎಂಬ ಅಧ್ಯಾಯವನ್ನು ನಾವು ಬಾಯಿಪಾಠ ಮಾಡಿದ್ದೆವು. ವಕಾಲತ್‌ಗೆ ನಾಲ್ಕು ಸ್ತಂಭಗಳು. ಅಧಿಕಾರ ಕೊಡುವ ಮುವಕ್ಕಿಲ್, ಪಡೆಯುವ ವಕೀಲ್, ಯಾವ ವಿಷಯಕ್ಕೆ ಕೊಡುತ್ತೇವೋ ಆ ವಿಷಯ, ಮತ್ತು ಕೊಡುವ ಮಾತು. ಕೊಡುವವನು ಆ ಕೆಲಸವನ್ನು ತಾನೇ ಮಾಡಲು ಅರ್ಹನಾಗಿರಬೇಕು. ವಕೀಲನ ಕೈ ಅಮಾನತ್ತಿನ ಕೈ. ಒಡೆಯನು ಹಾಕಿದ ಗಡಿಯನ್ನು ಅವನು ದಾಟುವಂತಿಲ್ಲ, ಒಪ್ಪಿಸಿದ ವಸ್ತುವನ್ನು ತನಗೆ ತಾನೇ ಮಾರಿಕೊಳ್ಳುವಂತಿಲ್ಲ. ಕೊಟ್ಟವನು ಬೇಕೆಂದಾಗ ಹಿಂತೆಗೆದುಕೊಳ್ಳಬಹುದು. ಇಬ್ಬರಲ್ಲಿ ಒಬ್ಬರು ಸತ್ತರೆ ಅಥವಾ ಬುದ್ಧಿ ಕಳೆದುಕೊಂಡರೆ ವಕಾಲತ್ ಮುಗಿಯಿತು. ಇದನ್ನೆಲ್ಲ ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಆದರೆ ನಮ್ಮ ಚಾವಡಿಯಲ್ಲಿ ಅದೇ ವಕಾಲತ್ ಛಾಪಾ ಕಾಗದದ ರೂಪದಲ್ಲಿ ಬಂದಾಗ ನನಗೆ ಅದರ ಗುರುತೇ ಸಿಗಲಿಲ್ಲ.

ದೇಶದ ಕಾನೂನು ಕೂಡ ಬಹುಮಟ್ಟಿಗೆ ಇದನ್ನೇ ಹೇಳುತ್ತದೆ. ಅಧಿಕಾರ ಪಡೆದವರು ಲೆಕ್ಕ ಒಪ್ಪಿಸಬೇಕು. ಕೊಟ್ಟವರಿಗೆ ತಿಳಿಸದೆ ಆ ವ್ಯವಹಾರದಲ್ಲಿ ತಾವೇ ಲಾಭ ಮಾಡಿಕೊಳ್ಳಬಾರದು. ಕೊಟ್ಟವರು ತೀರಿಕೊಂಡ ಕ್ಷಣದಲ್ಲಿ ಸಾಮಾನ್ಯವಾಗಿ ಆ ಪತ್ರವೂ ಮುಗಿಯುತ್ತದೆ. ಅವರು ಬುದ್ಧಿಸ್ವಾಧೀನ ಕಳೆದುಕೊಂಡರೂ ಹಾಗೆಯೇ.

ಇನ್ನೊಂದು ವಿಷಯವನ್ನು ನಮ್ಮ ಹೆಣ್ಣು ಮಕ್ಕಳು ಮರೆಯಬಾರದು. ಮದುವೆಯಾದ ಮಾತ್ರಕ್ಕೆ ಹೆಂಡತಿಯ ಆಸ್ತಿ ಗಂಡನದ್ದಾಗುವುದಿಲ್ಲ. ಗಂಡ ತಾನಾಗಿಯೇ ಆಕೆಯ ವಕೀಲನೂ ಅಲ್ಲ. ಪ್ರವಾದಿ(ಸ)ರ ಶರೀಅತ್ ಹೆಣ್ಣಿಗೆ ಈ ಹಕ್ಕನ್ನು ಮೊದಲೇ ಕೊಟ್ಟಿದೆ. 1882ರ ಕಾಯ್ದೆಯ 5ನೇ ಕಲಂ ಕೂಡ ಪ್ರಾಯ ತುಂಬಿದ ವಿವಾಹಿತೆ ತನ್ನ ಪರವಾಗಿ ಅಧಿಕಾರ ಪತ್ರ ಕೊಡಲು ಅವಿವಾಹಿತೆಯಷ್ಟೇ ಸ್ವತಂತ್ರಳೆಂದು ಹೇಳುತ್ತದೆ. ಕೊಡುವ ಹಕ್ಕು ಇರುವವಳಿಗೆ ಕೊಡದಿರುವ ಹಕ್ಕೂ ಇದೆ.

ಈ ವಿಷಯ ಸಂಬಂಧಿಕರಲ್ಲಿ ಹರಡಿದಾಗ ನಮಗೆ ಕೇಳಿಬಂದ ಮಾತು ಒಂದೇ: "ಸ್ವಂತ ತಮ್ಮನ ಮೇಲೆ ನಂಬಿಕೆ ಇಲ್ಲವೇ? ಮನೆಯವರ ನಡುವೆ ಕಾಯ್ದೆ ಕಾನೂನು ಏಕೆ?" ಈ ಮಾತಿಗೆ ನನ್ನ ಬಳಿ ಸಿದ್ಧ ಉತ್ತರವಿರಲಿಲ್ಲ. ಉತ್ತರ ಸಿಕ್ಕಿದ್ದು ಸೂರಃ ಅಲ್ ಬಕರದಲ್ಲಿ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಯಾವುದರ ಬಗ್ಗೆ ಇದೆ? ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆ. ಬರೆಯುವವನು ನ್ಯಾಯದಿಂದ ಬರೆಯಬೇಕು, ಸಾಕ್ಷಿಗಳಿರಬೇಕು, ಮೊತ್ತ ಸಣ್ಣದೆಂದು ಉದಾಸೀನ ಮಾಡಬಾರದು, ಹೇಳಿ ಬರೆಸಲು ಆಗದ ದುರ್ಬಲರ ಪರವಾಗಿ ಅವರ ಹೊಣೆ ಹೊತ್ತವರು ನ್ಯಾಯಯುತವಾಗಿ ಬರೆಸಬೇಕು ಎಂಬುದೆಲ್ಲ ಅದರಲ್ಲಿದೆ. ಆ ಸೂಕ್ತ ಮಾತಾಡುತ್ತಿರುವುದು ವಿಶ್ವಾಸಿಗಳೊಂದಿಗೆ, ಪರಸ್ಪರ ನಂಬುವವರೊಂದಿಗೆ. ಸಂಶಯಕ್ಕೆ ಎಡೆಯಾಗದಿರಲಿ ಎಂಬುದೇ ಬರೆದಿಡುವುದರ ಉದ್ದೇಶವೆಂದೂ ಅದರಲ್ಲೇ ಇದೆ. ಹಾಗಾದರೆ ಓದಿ ಸಹಿ ಹಾಕುವುದು ಅಪನಂಬಿಕೆಯಲ್ಲ. ಓದದೆ ಸಹಿ ಹಾಕಿ, ಮುಂದೆ ಸಂಶಯಕ್ಕೆ ಬಾಗಿಲು ತೆರೆಯುವುದೇ ನಂಟಿಗೆ ಮಾಡುವ ಅನ್ಯಾಯ.

ವಕಾಲತ್ ಹೇಗಿರಬೇಕೆಂಬುದಕ್ಕೆ ಹದೀಸಿನಲ್ಲಿ ಒಂದು ಸುಂದರ ಘಟನೆ ಇದೆ. ಉರ್ವ ಅಲ್ ಬಾರಿಕಿ(ರ) ಎಂಬ ಸಹಾಬಿಗೆ ಪ್ರವಾದಿ(ಸ)ರು ಒಂದು ದೀನಾರ್ ಕೊಟ್ಟು ಕುರಿ ಖರೀದಿಸಿ ತರಲು ಹೇಳಿದರು. ಅವರು ಜಾಣತನದಿಂದ ಆ ದೀನಾರಿಗೆ ಎರಡು ಕುರಿ ಕೊಂಡರು. ಒಂದನ್ನು ಒಂದು ದೀನಾರಿಗೆ ಮಾರಿದರು. ಕುರಿಯನ್ನೂ ದೀನಾರನ್ನೂ ತಂದು ಪ್ರವಾದಿ(ಸ)ರ ಮುಂದಿಟ್ಟರು. ಲಾಭವನ್ನು ಜೇಬಿಗೆ ಹಾಕಿಕೊಳ್ಳಲಿಲ್ಲ, ಏನು ಮಾಡಿದೆನೆಂದು ಮುಚ್ಚಿಡಲಿಲ್ಲ. ಪ್ರವಾದಿ(ಸ)ರು ಅವರ ವ್ಯಾಪಾರದಲ್ಲಿ ಬರಕತ್‌ಗಾಗಿ ದುಆ ಮಾಡಿದರು.

ಗಲ್ಫಿನಲ್ಲಿ ದುಡಿಯುವವರ ಮನೆಗಳಲ್ಲಿ ಈ ಕಾಗದದ ಉಪಯೋಗ ಹೆಚ್ಚು. ಅಲ್ಲಿರುವವರು ಊರಿನ ಆಸ್ತಿಯ ಕೆಲಸಕ್ಕೆ ಅಧಿಕಾರ ಪತ್ರ ಕೊಡುವುದಾದರೆ ಅಲ್ಲಿನ ಭಾರತೀಯ ರಾಯಭಾರ ಅಥವಾ ಕಾನ್ಸುಲೇಟ್ ಕಚೇರಿಯ ಅಧಿಕಾರಿಯ ಎದುರು ಸಹಿ ಹಾಕಿ ದೃಢೀಕರಿಸಿ ಕಳುಹಿಸುವುದು ಸುರಕ್ಷಿತ ದಾರಿ. ರಿಯಾದ್, ಜಿದ್ದಾ, ಅಬುಧಾಬಿ, ದುಬೈಗಳಲ್ಲಿ ಇಂಥ ಕಚೇರಿಗಳಿವೆ. ಆ ಪತ್ರ ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಜಿಲ್ಲಾ ನೋಂದಣಾಧಿಕಾರಿಯ ಕಚೇರಿಯಲ್ಲಿ ಇದನ್ನು ಮಾಡಿಕೊಡುತ್ತಾರೆ. ಎಷ್ಟೋ ಮನೆಗಳಲ್ಲಿ ಕಾಗದ ಬಂದದ್ದೇ ಸಾಕೆಂದು ಕಪಾಟಿನಲ್ಲಿಟ್ಟು ಅವಧಿ ದಾಟಿಸುತ್ತಾರೆ.

ನನ್ನ ಒಬ್ಬ ವಿದ್ಯಾರ್ಥಿನಿಯ ತಾಯಿಗೆ ಹೀಗೆಯೇ ಸೌದಿಯಲ್ಲಿದ್ದ ಗಂಡ ಮುಖ್ತಿಯಾರ್‌ನಾಮೆ ಕಳುಹಿಸಿದ್ದರು. ಊರಲ್ಲಿದ್ದ ಐದು ಸೆಂಟ್ಸ್ ಮಾರಿ ಮನೆಯ ಸಾಲ ತೀರಿಸುವ ಯೋಚನೆ. ಮಾರಾಟ ಆಗುವ ಮೊದಲೇ ಅವರು ಅಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಇದ್ದತ್ ಕಳೆದ ಮೇಲೆ ಆಕೆ ಅದೇ ಕಾಗದ ಹಿಡಿದು "ಟೀಚರ್, ಅವರೇ ಸಹಿ ಹಾಕಿ ಕೊಟ್ಟಿದ್ದಾರಲ್ಲ, ಈಗ ಮಾರಬಹುದಲ್ಲ?" ಎಂದು ಕೇಳಲು ಬಂದರು. ಇಲ್ಲವೆಂದು ಹೇಳುವಾಗ ನನ್ನ ಗಂಟಲು ಕಟ್ಟಿತು. ಅವರು ಕಣ್ಣು ಮುಚ್ಚಿದ ಕ್ಷಣವೇ ಆ ಕಾಗದದ ಜೀವವೂ ಹೋಗಿತ್ತು. ಆ ಐದು ಸೆಂಟ್ಸ್ ಈಗ ವಾರೀಸುದಾರರ ಹಕ್ಕು. ಮಕ್ಕಳಿರುವುದರಿಂದ ಆಕೆಗೆ ಎಂಟನೇ ಒಂದು ಪಾಲು, ಬದುಕಿರುವ ಅತ್ತೆಗೆ ಆರನೇ ಒಂದು ಪಾಲು, ಉಳಿದದ್ದು ಮಕ್ಕಳಿಗೆ. ಮಕ್ಕಳು ಅಪ್ರಾಪ್ತರು. ನಮ್ಮ ದೇಶದಲ್ಲಿ ಜಾರಿಯಲ್ಲಿರುವ ಮುಸ್ಲಿಮ್ ಕಾನೂನಿನಂತೆ ತಾಯಿ ಮಕ್ಕಳನ್ನು ಸಾಕುವವಳಾದರೂ ಅವರ ಆಸ್ತಿಗೆ ತಾನಾಗಿಯೇ ಪೋಷಕಿಯಲ್ಲ. ಮಕ್ಕಳ ಪಾಲನ್ನು ಮಾರಬೇಕಾದರೆ 1890ರ ಪೋಷಕರ ಕಾಯ್ದೆಯಡಿ ನ್ಯಾಯಾಲಯವು ಆಕೆಯನ್ನು ಪೋಷಕಿಯಾಗಿ ನೇಮಿಸಿ ಅನುಮತಿ ಕೊಡಬೇಕು. ಅವರ ಸಾವಿನ ಸುದ್ದಿ ಮುಚ್ಚಿಟ್ಟು ಬೇಗ ಮಾರಿಬಿಡಿ ಎಂದು ಆಕೆಗೆ ಸಲಹೆ ಕೊಟ್ಟವರೂ ಇದ್ದರು. ಹಾಗೆ ಮಾಡಿದ್ದರೆ ಅದು ತನ್ನದೇ ಯತೀಮ್ ಮಕ್ಕಳ ಪಾಲನ್ನು ಕಬಳಿಸಿದಂತೆ, ಕಾನೂನಿನ ಕಣ್ಣಿಗೆ ಅಪರಾಧವೂ ಹೌದು. ಆಕೆ ಅಲ್ಲಾಹನಿಗೆ ಹೆದರುವವರು, ಹಾಗೆ ಮಾಡಲಿಲ್ಲ. ನ್ಯಾಯಾಲಯಕ್ಕೆ ಅರ್ಜಿ ಹಾಕಿದರು.

ಪವರ್ ಆಫ್ ಅಟಾರ್ನಿಯ ಮೇಲೆಯೇ ಸೈಟು ಕೊಳ್ಳುವವರೂ ನಮ್ಮಲ್ಲಿದ್ದಾರೆ. ಕ್ರಯಪತ್ರ ಮಾಡಿಸಲು ಖರ್ಚು ಹೆಚ್ಚೆಂದು ಹಣ ಕೊಟ್ಟು ಜಿ.ಪಿ.ಎ. ಬರೆಸಿಕೊಂಡು ಮನೆ ಕಟ್ಟುತ್ತಾರೆ. ಜಿ.ಪಿ.ಎ. ಮಾರಾಟದಿಂದ ಆಸ್ತಿಯ ಒಡೆತನ ಸಿಗುವುದಿಲ್ಲ, ನೋಂದಾಯಿತ ಕ್ರಯಪತ್ರವೇ ಬೇಕು ಎಂದು ಸುಪ್ರೀಂ ಕೋರ್ಟು 2011ರ ಅಕ್ಟೋಬರಿನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟವಾಗಿ ತೀರ್ಪು ಕೊಟ್ಟಿದೆ. ಹೆಂಡತಿಯ ಮಹರ್‌ನ ಚಿನ್ನ ಮಾರಿ ಕೊಳ್ಳುವ ಜಾಗವಾದರೆ ಇದನ್ನು ಇನ್ನಷ್ಟು ನೆನಪಿಡಬೇಕು.

ಇನ್ನು ನಮ್ಮ ಮನೆಯ ಕತೆಗೆ ಮರಳುತ್ತೇನೆ. ವಕೀಲೆಯ ಸಲಹೆಯಂತೆ ಉಮ್ಮ ಅಧಿಕಾರ ಹಿಂತೆಗೆದುಕೊಳ್ಳುವ ರದ್ದತಿ ಪತ್ರ ಮಾಡಿಸಿದರು. ರದ್ದು ಮಾಡಿ ಮನೆಯಲ್ಲಿಟ್ಟರೆ ಸಾಲದು. ರದ್ದಾದ ವಿಷಯ ತಿಳಿಯದೆ ವ್ಯವಹಾರ ಮಾಡಿದ ಮೂರನೆಯವರಿಗೆ ಕಾನೂನು ರಕ್ಷಣೆ ಕೊಡುತ್ತದೆ. ಆದ್ದರಿಂದ ಮಾಮನಿಗೂ, ಜಾಗ ಕೊಳ್ಳಲು ಬಂದವರಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸು ಹೋಯಿತು.

ಆ ನೋಟಿಸು ತಲುಪಿದ ದಿನ ಮಾಮ ಬಂದು ಜಗುಲಿಯಲ್ಲೇ ನಿಂತರು, ಒಳಗೆ ಬರಲಿಲ್ಲ. "ಅಂಚೆಯವನ ಕೈಯಲ್ಲಿ ಕಾಗದ ಕಳುಹಿಸುವಷ್ಟು ದೂರವಾದೆನೇ?" ಎಂದರು. ಅವರ ಧ್ವನಿ ನಡುಗುತ್ತಿತ್ತು. ಮಗನ ವೀಸಾಕ್ಕೆ ಮಾಡಿದ ಸಾಲ, ಮಗಳ ಮದುವೆಯ ಸಾಲ, ಬಡ್ಡಿಯವರ ಕಾಟ ಎಲ್ಲವನ್ನೂ ಹೇಳಿದರು. ಇಡೀ ಜಾಗ ಒಟ್ಟಿಗೆ ಮಾರಿದರೆ ಒಳ್ಳೆಯ ಬೆಲೆ ಬರುತ್ತದೆ, ನಿಮ್ಮ ಪಾಲಿನ ಹಣ ನಿಮಗೆ ತಂದುಕೊಡುತ್ತಿದ್ದೆ ಎಂದರು. ಅವರು ಸುಳ್ಳು ಹೇಳುತ್ತಿಲ್ಲವೆಂದು ನನಗೆ ಅನ್ನಿಸಿತು. ಆದರೆ ಸಾಲಗಾರರು ಬಾಗಿಲಲ್ಲಿ ನಿಂತಿರುವಾಗ ಕೈಗೆ ಬಂದ ಹಣ ಅಕ್ಕಂದಿರ ಮನೆಯವರೆಗೆ ತಲುಪುತ್ತಿತ್ತೇ? ಅಲ್ಲಾಹನೇ ಬಲ್ಲ.

ಉಮ್ಮ ಸ್ವಲ್ಪ ಹೊತ್ತು ಮೌನವಾಗಿದ್ದರು. ಬಳಿಕ "ಬಾಪಾನ ಬಾವಿಯ ಬದಿಯ ಜಾಗ ಮಾರುತ್ತೇನೆ ಎಂದು ನನ್ನಲ್ಲಿ ಒಂದು ಮಾತು ಕೇಳಿದ್ದರೆ ಏನಾಗುತ್ತಿತ್ತು? ಒಂದು ವೇಳೆ ನಾನು ಒಪ್ಪಿಬಿಡುತ್ತಿದ್ದೆ. ನೀನು ಕೇಳಲೇ ಇಲ್ಲವಲ್ಲ" ಎಂದರು. ಮಾಮ ಉತ್ತರಿಸದೆ ಹೊರಟು ಹೋದರು. ಆ ವರ್ಷದ ಪೆರ್ನಾಲ್‌ಗೆ ಅವರು ಬರಲಿಲ್ಲ. ಅವರಿಗೆಂದು ತೆಗೆದಿಟ್ಟ ಪಾತ್ರೆಯ ಬಿರಿಯಾನಿಯನ್ನು ಉಮ್ಮ ರಾತ್ರಿಯವರೆಗೂ ಯಾರಿಗೂ ಬಡಿಸಲು ಬಿಡಲಿಲ್ಲ. ಸರಿ ಎಂದು ಗೊತ್ತಿರುವ ಕೆಲಸ ಮಾಡಿದ ಮೇಲೂ ಮನಸ್ಸಿಗೆ ನೋವಾಗಬಹುದು ಎಂಬುದನ್ನು ನಾನು ಆಗ ಕಂಡೆ.

ಮತ್ತೆ ಸೇರಿಸಿದವರು ಚಿಕ್ಕಮ್ಮ. ಎರಡು ಸಲ ಮಾಮನ ಮನೆಗೆ ಹೋಗಿ, ಕೊನೆಗೆ ಅವರ ಕೈಹಿಡಿದೇ ಕರೆತಂದರು. ನಾಲ್ವರೂ ಚಾವಡಿಯಲ್ಲಿ ಕುಳಿತರು. ಜಾಗವನ್ನು ಅಳತೆ ಮಾಡಿಸಿ ಪಾಲು ಮಾಡುವುದು, ಮಾಮ ತಮ್ಮ 50 ಸೆಂಟ್ಸನ್ನು ಮಾತ್ರ ಮಾರುವುದು, ಬಾವಿಯ ಬದಿಯ 25 ಸೆಂಟ್ಸ್ ಉಮ್ಮನಿಗೆ ಇರುವುದು ಎಂದು ತೀರ್ಮಾನವಾಯಿತು. ಕೊಳ್ಳುವವರೂ ಒಪ್ಪಿ ಕರಾರನ್ನು ಬದಲಾಯಿಸಿಕೊಂಡರು. ಚಿಕ್ಕಮ್ಮಂದಿರು ಮಾಮನ ಸಾಲಕ್ಕೆಂದು ತಮ್ಮ ಕೈಲಾದ ಹಣವನ್ನೂ ಕೊಟ್ಟರು.

ಪಾಲು ಮಾಡಬೇಕಾದರೆ ಸರ್ವೆಗೆ ಅರ್ಜಿ, 11ಇ ನಕ್ಷೆ, ತಾಲೂಕು ಕಚೇರಿಯ ಓಡಾಟ ಎಲ್ಲ ಇದ್ದದ್ದೇ. ಯಾರು ಹೋಗುವುದು? ಉಮ್ಮ ಥಟ್ಟನೆ "ಅವನೇ ಹೋಗಲಿ. ನಾನು ಕಾಗದ ಮಾಡಿಕೊಡುತ್ತೇನೆ" ಎಂದರು. ನಾವೆಲ್ಲ ಅವರ ಮುಖ ನೋಡಿದೆವು. "ಈ ಸಲ ಏನು ಬರೆಯಬೇಕೆಂದು ನಾನು ಹೇಳುತ್ತೇನೆ, ನೀನು ಬರೆ" ಎಂದು ನನಗೆ ಹೇಳಿದರು.

ಅದು ವಿಶೇಷ ಅಧಿಕಾರ ಪತ್ರ, ಒಂದು ಕೆಲಸಕ್ಕೆ ಮಾತ್ರ ಕೊಡುವಂಥದ್ದು. ಸರ್ವೆ ನಂಬರ್, ವಿಸ್ತೀರ್ಣ, ಗಡಿ ಎಲ್ಲವನ್ನೂ ಬರೆದೆವು. ಮಾಡಬಹುದಾದ ಕೆಲಸಗಳನ್ನು ಒಂದೊಂದಾಗಿ ಬರೆದೆವು. ಮಾಡಬಾರದ್ದನ್ನೂ ಬರೆದೆವು. ಅವಧಿ ಬರೆದೆವು. ಖಾಲಿ ಜಾಗ ಬಿಡಲಿಲ್ಲ. ಮೂಲ ಪತ್ರದ ಒಂದು ಪ್ರತಿ ನಮ್ಮಲ್ಲೇ ಇಟ್ಟುಕೊಂಡೆವು. ಸಹೋದರಿಯರೇ, ನಿಮ್ಮ ಮನೆಗೆ ಇಂಥ ಕಾಗದ ಬಂದರೆ ಇಷ್ಟನ್ನಾದರೂ ನೋಡಿಕೊಳ್ಳಿ. 'ಜನರಲ್' ಎಂಬ ಪದ ಕಂಡರೆ ಯಾಕೆಂದು ಕೇಳಿ. 'ರದ್ದುಪಡಿಸಲಾಗದ' ಎಂಬ ಪದ ಕಂಡರೆ ವಕೀಲರಿಗೆ ತೋರಿಸದೆ ಮುಂದುವರಿಯಬೇಡಿ. ಖಾಲಿ ಕಾಗದಕ್ಕೆ ಯಾರಿಗೂ, ಗಂಡನಿಗೂ ಮಗನಿಗೂ ಕೂಡ, ಸಹಿ ಹಾಕಿ ಕೊಡಬೇಡಿ. ಓದಲು ಬಾರದ ಉಮ್ಮ, ಅಜ್ಜಿ, ಅತ್ತೆ ಇದ್ದರೆ ಅವರಿಗೆ ಅವರ ಮನೆಮಾತಿನಲ್ಲಿ ಓದಿ ಹೇಳಿ. ಓದಿ ಹೇಳದೆ ಸಾಕ್ಷಿಯ ಜಾಗದಲ್ಲಿ ನಿಮ್ಮ ಹೆಸರು ಬರೆಯಬೇಡಿ.

ಸಬ್ ರಿಜಿಸ್ಟ್ರಾರ್ ಕಚೇರಿಗೆ ನಾವು ಹೋದ ದಿನ ಜನಸಂದಣಿ ಇತ್ತು. ಉಮ್ಮನಿಗೆ ಕುರ್ಚಿ ಕೊಟ್ಟರು. ಫೋಟೋ ತೆಗೆದರು, ಯಂತ್ರದ ಮೇಲೆ ಹೆಬ್ಬೆರಳು ಇರಿಸಿಕೊಂಡರು. ಅಧಿಕಾರಿ ಪತ್ರವನ್ನು ನೋಡಿ "ಅಮ್ಮ, ಇದರಲ್ಲಿ ಏನು ಬರೆದಿದೆ ಗೊತ್ತಾ?" ಎಂದು ಕೇಳಿದರು.

ನಾನು ಉತ್ತರಿಸಲು ಬಾಯಿ ತೆರೆದೆ. ಉಮ್ಮ ಕೈಸನ್ನೆಯಿಂದ ನನ್ನನ್ನು ತಡೆದರು.

"ಗೊತ್ತಿದೆ. ಜಾಗ ಅಳೆಯಿಸುವುದು, ನಕ್ಷೆ ಮಾಡಿಸುವುದು, ತಾಲೂಕು ಕಚೇರಿಗೆ ಅರ್ಜಿ ಕೊಡುವುದು. ಇಷ್ಟೇ. ಮಾರುವುದಕ್ಕಿಲ್ಲ, ಅಡವಿಡುವುದಕ್ಕಿಲ್ಲ. ಆರು ತಿಂಗಳು. ಕೊಡುತ್ತಿರುವುದು ನನ್ನ ತಮ್ಮನಿಗೆ" ಎಂದರು.

ಪಕ್ಕದಲ್ಲಿ ನಿಂತಿದ್ದ ಮಾಮ ತಲೆತಗ್ಗಿಸಿ ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಸಾಕ್ಷಿಯ ಜಾಗದಲ್ಲಿ ಸಹಿ ಹಾಕಲು ಅಧಿಕಾರಿ ಪತ್ರವನ್ನು ನನ್ನ ಕಡೆ ಸರಿಸಿದರು. ನಾನೇ ಬರೆದ ಪತ್ರವಾಗಿದ್ದರೂ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಇನ್ನೊಮ್ಮೆ ಓದಿ, ಬಿಸ್ಮಿಲ್ಲಾಹ್ ಹೇಳಿ ಸಹಿ ಹಾಕಿದೆ.